ಮಾನಿಟರಿನಲ್ಲಿ ಬೆಳಕು, ಆಲ್ಬಮ್ಮಿನಲ್ಲಿ ಮಂಕು: ಒಂದು ರಿಸೆಪ್ಷನ್ ಆಲ್ಬಮ್ಮಿನ ಪ್ರಕರಣ

ತಾಲ್ಲೂಕು ಕೇಂದ್ರವೊಂದರ ಸ್ಟುಡಿಯೊ. 12×36 ಇಂಚಿನ 30 ಶೀಟಿನ ಮದುವೆ ಆಲ್ಬಂ, ಮ್ಯಾಟ್ ಲ್ಯಾಮಿನೇಷನ್, ಹಾಳೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ ಪ್ಯಾಡ್ ಬೈಂಡಿಂಗ್. ಮುಹೂರ್ತದ ಹಾಳೆಗಳನ್ನು ತಿರುವುವಾಗ ಯಾರೂ ಏನೂ ಅನ್ನಲಿಲ್ಲ. ರಿಸೆಪ್ಷನ್ನಿನ 11 ಶೀಟು ಬಂದಾಗ ಹೆಣ್ಣಿನ ತಂದೆಯ ಕೈ ನಿಂತಿತು.

"ಸಾರ್, ಫೋನಿಗೆ ಕಳಿಸಿದ್ರಲ್ಲ, ಆಗ ಎಷ್ಟು ಚೆನ್ನಾಗಿತ್ತು! ಇದ್ರಲ್ಲಿ ಮಗಳ ಮುಖ ಮಂಕಾಗಿದೆ. ಅಳಿಯಂದಿರ ಕೋಟಿನ ಗುಂಡಿ ಸಹ ಕಾಣ್ತಿಲ್ಲ."

ಸ್ಟುಡಿಯೊದಿಂದ ಪ್ರಿಂಟ್ ಹಾಕಿದ ಲ್ಯಾಬಿಗೆ ಫೋನ್ ಹೋಯಿತು. "ನೋ ಕರೆಕ್ಷನ್ ಅಂತ ನೀವೇ ಟಿಕ್ ಹಾಕಿದ್ದೀರಿ, ಬಂದ ಫೈಲನ್ನ ಬಂದ ಹಾಗೇ ಹಾಕಿದ್ದೀವಿ" ಎಂದರು ಅಲ್ಲಿಯವರು. ಡಿಸೈನರ್ ಮಾನಿಟರ್ ತಿರುಗಿಸಿ ತೋರಿಸಿದ: "ಇಲ್ಲಿ ಸರಿಯಾಗೇ ಇದೆ, ನೋಡಿ." ಮೂವರೂ ಹೇಳಿದ್ದು ನಿಜ. ಹಾಗಾಗಿಯೇ ಇಂಥ ಜಗಳ ಬೇಗ ಮುಗಿಯುವುದಿಲ್ಲ.

ಇದು ಯಾವುದೋ ಒಂದೇ ಸ್ಟುಡಿಯೊದ ಕಥೆಯಲ್ಲ. ಲಗ್ನದ ಸೀಸನ್ ಬಂದಾಗಲೆಲ್ಲ ಕೇಳಿಬರುವ ದೂರನ್ನು ಒಂದು ಆಲ್ಬಮ್ಮಿನ ಸುತ್ತ ಕಟ್ಟಿಕೊಟ್ಟ ಮಾದರಿ ಪ್ರಕರಣ. ಅಳತೆಗಳು ಇಂಥ ಕೋಣೆ, ಇಂಥ ಮಾನಿಟರಿನಲ್ಲಿ ಸಿಗುವಂಥವು. ಲೆಕ್ಕವನ್ನು ಯಾರು ಬೇಕಾದರೂ ಮಾಡಿ ನೋಡಬಹುದು.

ಮೊದಲ ಪರೀಕ್ಷೆ: ಜಗಲಿಗೆ ಒಯ್ಯುವುದು

ಯಾವ ಸಾಫ್ಟ್‌ವೇರನ್ನೂ ತೆರೆಯುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಹಗಲು ಹನ್ನೊಂದರ ಹೊತ್ತಿಗೆ ಆಲ್ಬಮ್ಮನ್ನು ಜಗಲಿಗೆ ತಂದು, ನೇರ ಬಿಸಿಲು ಬೀಳದ ಕಡೆ ತೆರೆದು ನೋಡಬೇಕು. ತೆರೆದ ಆಕಾಶದ ಕೆಳಗೆ ನೆರಳಿನಲ್ಲೂ ಸಾವಿರಾರು ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕಿರುತ್ತದೆ. ಅಲ್ಲಿ ಫೋಟೊ ಸರಿಯಾಗಿ ಕಂಡರೆ ಪ್ರಿಂಟಿನಲ್ಲಿ ದೊಡ್ಡ ದೋಷವಿಲ್ಲ, ನೋಡಿದ ಜಾಗದಲ್ಲಿ ಬೆಳಕು ಸಾಲದು. ಅಲ್ಲೂ ಮಂಕಾಗಿ ಕಂಡರೆ ಫೈಲಿನಲ್ಲೋ ಪ್ರಿಂಟಿನಲ್ಲೋ ತಪ್ಪಿದೆ.

ಈ ಆಲ್ಬಂ ಎರಡರ ನಡುವೆ ನಿಂತಿತು. ಜಗಲಿಯಲ್ಲಿ ಮುಹೂರ್ತದ ಹಾಳೆಗಳು ಚೆನ್ನಾಗಿಯೇ ಕಂಡವು. ರಿಸೆಪ್ಷನ್ನಿನ ಮುಖಗಳು ಸುಧಾರಿಸಿದರೂ ಪೂರ್ತಿ ತಿಳಿಯಾಗಲಿಲ್ಲ. ಕೋಟಿನ ಗುಂಡಿ, ಹುಡುಗಿಯ ಕಡುಗೆಂಪು ಸೀರೆಯ ನೆರಿಗೆ ಅಲ್ಲೂ ಕಾಣಲಿಲ್ಲ. ಎಂದರೆ ಕಾರಣ ಒಂದಲ್ಲ. ನೋಡುವ ಜಾಗದ ಬೆಳಕು, ಫೈಲಿನ ಕಡಿಮೆ ಎಕ್ಸ್‌ಪೋಷರ್ (ಫೋಟೊದ ಒಟ್ಟು ಬೆಳಕು), ಕಡುಛಾಯೆಯನ್ನು ನುಂಗಿದ ಮ್ಯಾಟ್ ಮೇಲ್ಮೈ ಮೂರೂ ಸೇರಿವೆ. ಮೂರಕ್ಕೂ ಒಂದೇ ಮದ್ದು ಹಾಕಲು ಹೋಗಿ, ಎಲ್ಲ ಹಾಳೆಗೂ ಬ್ರೈಟ್‌ನೆಸ್ ಏರಿಸಿ ಮರುಪ್ರಿಂಟ್ ಹಾಕಿಸಿ, ಬಿಳಿ ಪಂಚೆ ಸುಟ್ಟುಹೋಗಿ ಎರಡನೇ ಸಲ ದುಡ್ಡು ಕಳೆದುಕೊಳ್ಳುವವರು ಬಹಳ.

ಕೈಯಲ್ಲಿರುವ ಕ್ಯಾಮರಾವೇ ಮೀಟರ್

ಕಾಗದಕ್ಕೆ ಸ್ವಂತ ಬೆಳಕಿಲ್ಲ. ತನ್ನ ಮೇಲೆ ಬಿದ್ದದ್ದರಲ್ಲಿ ಹೆಚ್ಚೆಂದರೆ ಶೇ. 90ರಷ್ಟನ್ನು ಹಿಂದಿರುಗಿಸುತ್ತದೆ. ಮಾನಿಟರ್ ತಾನೇ ದೀಪ. ಎರಡರ ನಡುವಿನ ಅಂತರವನ್ನು ಅಂದಾಜಿನಲ್ಲಿ ಬಿಡಬೇಕಾಗಿಲ್ಲ. ಸ್ಟುಡಿಯೊದಲ್ಲಿರುವ ಯಾವ ಡಿಎಸ್‌ಎಲ್‌ಆರ್ ಆದರೂ ಅಳೆದುಕೊಡುತ್ತದೆ.

ಕ್ಯಾಮರಾ ಮ್ಯಾನ್ಯುಯಲ್ ಮೋಡಿನಲ್ಲಿರಲಿ. ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/4, ಸ್ಪಾಟ್ ಮೀಟರಿಂಗ್ (ನಡುವಿನ ಚಿಕ್ಕ ಭಾಗವನ್ನಷ್ಟೇ ಅಳೆಯುವುದು). ಮಾನಿಟರಿನಲ್ಲಿ ಪೂರ್ತಿ ಬಿಳಿ ಪುಟ ತೆರೆದು, ಫೋಕಸ್ ತಪ್ಪಿಸಿ, ನಡುಭಾಗಕ್ಕೆ ಗುರಿ ಹಿಡಿದು, ಮೀಟರಿನ ಮುಳ್ಳು ಸೊನ್ನೆಗೆ ಬರುವ ತನಕ ಶಟರ್ ಬದಲಿಸಿ. ಫೋಕಸ್ ತಪ್ಪಿಸುವುದು ಪಿಕ್ಸೆಲ್ಲುಗಳ ಜಾಲರಿ ಮೀಟರನ್ನು ಗೊಂದಲಕ್ಕೆ ದೂಡದಿರಲಿ ಎಂದು. ಸಿಕ್ಕ ಶಟರಿನಿಂದ ಹೊಳಪಿನ ಲೆಕ್ಕ ಹೀಗೆ: 12.5ನ್ನು ಎಫ್ ಸಂಖ್ಯೆಯ ವರ್ಗದಿಂದ ಗುಣಿಸಿ, ಶಟರ್ ಸಮಯ ಮತ್ತು ಐಎಸ್‌ಒ ಎರಡರ ಗುಣಲಬ್ಧದಿಂದ ಭಾಗಿಸಬೇಕು. ಎಫ್/4, ಐಎಸ್‌ಒ 100ಕ್ಕೆ ಇದು ಬಾಯಲ್ಲೇ ಆಗುವ ಲೆಕ್ಕ. ಶಟರಿನ ಕೆಳಗಿನ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಸಾಕು. 1/60 ಬಂದರೆ ಚದರ ಮೀಟರಿಗೆ 120 ಕ್ಯಾಂಡೆಲಾ, 1/125 ಬಂದರೆ 250. ಮಾನಿಟರ್ ಮಾರುವವರು ಇದನ್ನೇ ನಿಟ್ ಎನ್ನುತ್ತಾರೆ. ಕೆಲವು ಕಂಪನಿಗಳ ಕ್ಯಾಮರಾದಲ್ಲಿ 12.5ರ ಬದಲು 14 ಇರುವುದರಿಂದ ಅಂಕಿ ಸ್ವಲ್ಪ ಆಚೀಚೆ ಆಗಬಹುದು. ಒಂದೇ ಕ್ಯಾಮರಾದಲ್ಲಿ ಮಾನಿಟರ್, ಕಾಗದ ಎರಡನ್ನೂ ಅಳೆದಾಗ ಅವುಗಳ ಅಂತರ ಮಾತ್ರ ಬದಲಾಗದು.

ಡಿಸೈನರಿನ 24 ಇಂಚಿನ ಐಪಿಎಸ್ ಮಾನಿಟರಿನಲ್ಲಿ ಬ್ರೈಟ್‌ನೆಸ್ 90ರಲ್ಲಿತ್ತು, ಡಬ್ಬದಿಂದ ತೆಗೆದ ದಿನದಿಂದ ಯಾರೂ ಮುಟ್ಟಿರಲಿಲ್ಲ. ಬಂದ ಶಟರ್ 1/160, ಅಂದರೆ 320 ನಿಟ್. ಆಮೇಲೆ ಅದೇ ಕ್ಯಾಮರಾವನ್ನು ಆಲ್ಬಮ್ಮಿನ ಬಿಳಿ ಅಂಚಿಗೆ ಹಿಡಿದದ್ದು ಎರಡು ಕಡೆ. ಸ್ಟುಡಿಯೊ ಕೌಂಟರಿನ ಟ್ಯೂಬ್‌ಲೈಟಿನ ಕೆಳಗೆ 1/30, ಅಂದರೆ 60 ನಿಟ್. ಹೆಣ್ಣಿನ ಮನೆಯ ಹಾಲಿನಲ್ಲಿ, ರಾತ್ರಿ ಒಂದೇ ಎಲ್‌ಇಡಿ ಬಲ್ಬಿನಡಿ ಸೋಫಾದ ಮೇಲೆ, 1/15, ಅಂದರೆ 30 ನಿಟ್.

320ಕ್ಕೂ 30ಕ್ಕೂ ಹತ್ತು ಪಟ್ಟಿಗಿಂತ ಹೆಚ್ಚಿನ ಅಂತರ, ಮೂರು ಸ್ಟಾಪಿಗೂ ಮೇಲೆ. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು ಇಲ್ಲವೇ ಅರ್ಧವಾಗುವುದು; ಮೂರು ಸ್ಟಾಪ್ ಎಷ್ಟು ದೊಡ್ಡದೆಂದು ಫೋಟೊ ತೆಗೆಯುವವನಿಗೆ ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಅಂತರವಿದ್ದರೂ ನಮ್ಮ ಕಣ್ಣು ಎಚ್ಚರಿಸುವುದಿಲ್ಲ, ಏಕೆಂದರೆ ಅದು ಎದುರಿಗಿರುವ ಬಿಳಿಗೆ ಒಗ್ಗಿಕೊಂಡು ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ಮಾನಿಟರಿನ ಎದುರು ಕೂತಾಗ 320 ನಿಟ್ಟಿನ ಬಿಳಿಗೆ ಒಗ್ಗಿಕೊಂಡ ಕಣ್ಣು, ಅದೇ ಕ್ಷಣ ಪಕ್ಕದಲ್ಲಿ ಹಿಡಿದ 60 ನಿಟ್ಟಿನ ಕಾಗದವನ್ನು ಬೂದು ಎಂದು ತೀರ್ಮಾನಿಸುತ್ತದೆ. ಆಲ್ಬಮ್ಮನ್ನು ಮಾನಿಟರಿನ ಪಕ್ಕ ಹಿಡಿದು "ನೋಡಿ, ಲ್ಯಾಬ್ ಕೆಡಿಸಿದೆ" ಎನ್ನುವ ವಾದ ಅಲ್ಲಿಗೇ ಬಿದ್ದುಹೋಗುತ್ತದೆ. ಲ್ಯಾಬ್ ಏನೂ ಕೆಡಿಸದಿದ್ದರೂ ಹಾಗೆಯೇ ಕಾಣುತ್ತಿತ್ತು.

ಅಂದಹಾಗೆ, ನಾವು ದಿನವೂ ಬಳಸುವ ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನದಂಡ 1999ರಲ್ಲಿ ಪ್ರಕಟವಾದಾಗ ಅದು ಇಟ್ಟುಕೊಂಡ ಆಧಾರ ಪರದೆಯ ಹೊಳಪು ಬರೀ 80 ನಿಟ್. ಇವತ್ತಿನ ಅಂಗಡಿಯಲ್ಲಿ 80 ನಿಟ್ಟಿನ ಮಾನಿಟರನ್ನು ಸಾಲಿನಲ್ಲಿಟ್ಟರೆ ಯಾರೂ ಕೊಳ್ಳರು. ಸಾಲಿನಲ್ಲಿ ಎಲ್ಲಕ್ಕಿಂತ ಹೊಳೆಯುವುದೇ ಮಾರಾಟವಾಗುವುದು. ಕಾರ್ಖಾನೆಯ ಸೆಟ್ಟಿಂಗ್ ಆ ಸಾಲಿಗಾಗಿ ಮಾಡಿದ್ದು, ಆಲ್ಬಂ ಡಿಸೈನಿಗಲ್ಲ.

ಫೈಲೇ ಕಪ್ಪಾಗಿತ್ತು

ಇಲ್ಲಿಯವರೆಗೆ ಹೇಳಿದ್ದು ನೋಟದ ಮಾತು. ನಿಜವಾದ ಹಾನಿ ಆಗಿದ್ದು ಬೇರೆ ಕಡೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಪರದೆ ಹೆಚ್ಚು ಬೆಳಗಿದರೆ ಡಿಸೈನರ್ ಫೈಲನ್ನು ಕೈಯಾರೆ ಕಪ್ಪು ಮಾಡುತ್ತಾನೆ. 320 ನಿಟ್ಟಿನಲ್ಲಿ ಸರಿಯಾದ ಎಕ್ಸ್‌ಪೋಷರಿನ ಮುಖವೂ ಅತಿಯಾಗಿ ಬೆಳಗಿದಂತೆ ಕಾಣುತ್ತದೆ. ಅವನು ಎಕ್ಸ್‌ಪೋಷರ್ ಇಳಿಸುತ್ತಾನೆ, ಕಣ್ಣಿಗೆ ಹಿತವಾದ ಕೂಡಲೇ ಸೇವ್ ಮಾಡುತ್ತಾನೆ. ಮಾನಿಟರಿನ ಬಟನ್ನಿನ ಸುದ್ದಿ ಫೈಲಿಗೆ ಗೊತ್ತಿಲ್ಲ, ಲ್ಯಾಬಿನ ಯಂತ್ರಕ್ಕೂ ಗೊತ್ತಿಲ್ಲ. ಇಳಿಸಿದ ಅಂಕಿ ಮಾತ್ರ ಕಾಗದದ ಮೇಲೆ ಬರುತ್ತದೆ.

ಫೋಟೊಶಾಪಿನಲ್ಲಿ ಇನ್ಫೊ ಪ್ಯಾನೆಲ್ ತೆರೆದು, ಬಣ್ಣದ ಅಂಕಿ ಓದುವ ಐಡ್ರಾಪರನ್ನು 5×5 ಪಿಕ್ಸೆಲ್ಲಿನ ಸರಾಸರಿಗೆ ಇಟ್ಟು, ಬೆಳಕು ಬಿದ್ದ ಕೆನ್ನೆಯ ಮೇಲೆ ಇಡಲಾಯಿತು. 0 (ಕಪ್ಪು) ಇಂದ 255 (ಪೂರ್ತಿ ಬೆಳಕು) ತನಕದ ಅಳತೆಯಲ್ಲಿ ಕೆಂಪು 125, ಹಸಿರು 85, ನೀಲಿ 65. ಅದೇ ಹುಡುಗಿಯ ಕೆನ್ನೆ ಮುಹೂರ್ತದ ಫೋಟೊದಲ್ಲಿ 155, 106, 82ರ ಆಸುಪಾಸಿನಲ್ಲಿತ್ತು. ಎಸ್‌ಆರ್‌ಜಿಬಿ ಲೆಕ್ಕದಲ್ಲಿ ಈ ವ್ಯತ್ಯಾಸ ಮೂರನೇ ಎರಡು ಸ್ಟಾಪ್. ಒಬ್ಬಳೇ ಹುಡುಗಿ, ಒಂದೇ ದಿನ, ಒಂದೇ ಆಲ್ಬಂ. ಅಂಕಿಗೆ ಕಣ್ಣಿನ ಮೋಸವಿಲ್ಲ. ಆದ್ದರಿಂದ ಹಳೆಯ ಒಂದು ಒಳ್ಳೆ ಪ್ರಿಂಟಿನ ಕೆನ್ನೆಯ ಅಂಕಿಯನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿಕೊಳ್ಳುವ ಡಿಸೈನರುಗಳು ಎಡವುವುದು ಕಡಿಮೆ.

ಒಂದೇ ಮಾನಿಟರಿನಲ್ಲಿ ಮಾಡಿದರೂ ಮುಹೂರ್ತ ಬಚಾವಾಗಿ ರಿಸೆಪ್ಷನ್ ಯಾಕೆ ಸಿಕ್ಕಿಬಿತ್ತು? ಮುಹೂರ್ತದ ಫೋಟೊದಲ್ಲಿ ಬಿಳಿ ಪಂಚೆ, ಅಕ್ಕಿ, ಮಲ್ಲಿಗೆ, ಹಗಲು ಬೆಳಕಿನ ಗೋಡೆ ಇರುತ್ತವೆ. ಕಣ್ಣಿಗೆ ಆಧಾರ ಸಿಗುತ್ತದೆ, ಹೆಚ್ಚು ಇಳಿಸಿದರೆ ಪಂಚೆ ಕೊಳೆಯಾಗಿ ಕಂಡು ಡಿಸೈನರನ್ನು ತಡೆಯುತ್ತದೆ. ರಿಸೆಪ್ಷನ್ನಿನಲ್ಲಿ ಹಿಂದೆ ಕಪ್ಪು ಪರದೆ, ನೇರಳೆ ಎಲ್‌ಇಡಿ, ನಡುವೆ ಫ್ಲ್ಯಾಶ್ ಬಿದ್ದ ಎರಡು ಮುಖ. ಕಪ್ಪಿನ ನಡುವೆ ಇಟ್ಟ ಮುಖ ಇರುವುದಕ್ಕಿಂತ ಹೆಚ್ಚು ಬೆಳಗಿ ಕಾಣುತ್ತದೆ. ಅದರ ಮೇಲೆ ಡಿಸೈನ್ ಕೋಣೆಯ ಕಿಟಕಿಗೆ ದಪ್ಪ ಕರ್ಟನ್, ದೀಪ ಆರಿಸಿಟ್ಟ ಅಭ್ಯಾಸ. ಕತ್ತಲೆಯಲ್ಲಿ ಹೊಳೆಯುವ ಪರದೆಯ ಮುಂದೆ, ಕಪ್ಪು ಹಿನ್ನೆಲೆಯ ಮುಖ. ಇಳಿಸದೇ ಇದ್ದಿದ್ದರೇ ಆಶ್ಚರ್ಯ.

ಇನ್ನೊಂದು ಪ್ರಶ್ನೆ ಸ್ಟುಡಿಯೊದವರೇ ಎತ್ತಿದ್ದು: ಇದೇ ಮಾನಿಟರಿನಲ್ಲಿ ಎರಡು ವರ್ಷದಿಂದ ಕೆಲಸ ಮಾಡಿದ್ದೇವೆ, ಆಗೆಲ್ಲ ಸರಿ ಬರುತ್ತಿತ್ತಲ್ಲ? ಆಗ ಪಕ್ಕದ ಊರಿನ ಲ್ಯಾಬಿಗೆ ಪೆನ್‌ಡ್ರೈವ್ ಕೊಟ್ಟು ಬರುತ್ತಿದ್ದರು. ಯಂತ್ರದ ಮುಂದೆ ಕೂತ ಆಪರೇಟರ್ ಪ್ರತಿ ಫ್ರೇಮಿಗೂ ಕಣ್ಣು ಹಾಯಿಸಿ ಡೆನ್ಸಿಟಿ ಬಟನ್ ಒತ್ತಿ ಒಂದೆರಡು ಹೆಜ್ಜೆ ಬೆಳಗಿಸುತ್ತಿದ್ದ. ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಆನ್‌ಲೈನಿನಲ್ಲಿ ಅಪ್‌ಲೋಡ್ ಮಾಡಿ ನೋ ಕರೆಕ್ಷನ್ ಆರಿಸಿದ ದಿನ ಆ ಕೈ ತಪ್ಪಿತು, ಮೊದಲಿಂದ ಇದ್ದ ತಪ್ಪು ಮೇಲೆ ಬಂತು. ಹೊಸ ಲ್ಯಾಬನ್ನು ಬೈದದ್ದು ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಿಸಿಕೊಂಡಂತೆ.

ಕಲರ್ ಸ್ಪೇಸನ್ನೂ, ಅಂದರೆ ಫೈಲಿನ ಯಾವ ಅಂಕಿ ಯಾವ ಬಣ್ಣವೆಂದು ಹೇಳುವ ಪದ್ಧತಿಯನ್ನೂ, ನೋಡಬೇಕಿತ್ತು, ನೋಡಿದ್ದಾಯಿತು. ಎರಡು ಶೀಟು ಅಡೋಬಿ ಆರ್‌ಜಿಬಿಯಲ್ಲಿ ಹೋಗಿದ್ದವು. ಲ್ಯಾಬ್ ಕೇಳಿದ್ದು ಎಸ್‌ಆರ್‌ಜಿಬಿ. ಆದರೆ ಈ ತಪ್ಪು ಫೋಟೊವನ್ನು ಕಪ್ಪು ಮಾಡುವುದಿಲ್ಲ, ಬಣ್ಣವನ್ನು ಸಪ್ಪೆ ಮಾಡುತ್ತದೆ. ಕುಂಕುಮದ ಕೆಂಪು ಇಟ್ಟಿಗೆಯ ಕಡೆ ಸರಿಯುತ್ತದೆ. ಕಪ್ಪು ಮಾಡುವುದು ಪ್ರೊಫೋಟೊ ಆರ್‌ಜಿಬಿ. ಅದರ ಗಾಮಾ (ಬೆಳಕನ್ನು ಅಂಕಿಯಾಗಿ ಬದಲಿಸುವ ಲೆಕ್ಕ) 1.8 ಆದ್ದರಿಂದ ಅದೇ ನಡುಬೂದು ಅಲ್ಲಿ ಸುಮಾರು 98 ಎಂದು ದಾಖಲಾಗುತ್ತದೆ, ಎಸ್‌ಆರ್‌ಜಿಬಿಯಲ್ಲಿ 118. ಪ್ರೊಫೈಲ್ (ಫೈಲಿಗೆ ಅಂಟಿದ ಕಲರ್ ಸ್ಪೇಸಿನ ಚೀಟಿ) ಓದದ ಯಂತ್ರ 98ನ್ನು ಎಸ್‌ಆರ್‌ಜಿಬಿಯ 98 ಎಂದೇ ತಿಳಿದು ಪ್ರಿಂಟ್ ಹಾಕುತ್ತದೆ. ಇವೆರಡಕ್ಕೂ ಪರಿಹಾರ ಕನ್ವರ್ಟ್ ಟು ಪ್ರೊಫೈಲ್. ಅಸೈನ್ ಪ್ರೊಫೈಲ್ ಅಲ್ಲ. ಅದು ಅಂಕಿ ಬದಲಿಸದೆ ಚೀಟಿ ಮಾತ್ರ ಬದಲಿಸುತ್ತದೆ.

ಮಾನಿಟರ್ ಮತ್ತು ದೀಪ

ಮಾನಿಟರನ್ನು ಅರ್ಧ ಗಂಟೆ ಉರಿಯಲು ಬಿಟ್ಟು ಶುರು. ಡೈನಮಿಕ್ ಕಾಂಟ್ರಾಸ್ಟ್, ಇಕೋ ಮೋಡ್, ವಿಂಡೋಸಿನ ನೈಟ್ ಲೈಟ್, ಎಚ್‌ಡಿಆರ್ ಎಲ್ಲ ಬಂದ್. ಇವುಗಳಲ್ಲಿ ಒಂದು ಉಳಿದರೂ ಮುಂದಿನ ಅಳತೆ ವ್ಯರ್ಥ. ಕ್ಯಾಲಿಬ್ರೇಷನ್ ಉಪಕರಣ ಇದ್ದರೆ, ಸ್ಪೈಡರ್ ಇರಲಿ ಕ್ಯಾಲಿಬ್ರೈಟ್ ಇರಲಿ, ಗುರಿ ಒಂದೇ: ಬಿಳಿ ಡಿ65 (ಹಗಲು ಬೆಳಕಿನ ಬಿಳಿ), ಗಾಮಾ 2.2, ಹೊಳಪು 100ರಿಂದ 120 ನಿಟ್. ಉಚಿತ ಡಿಸ್‌ಪ್ಲೇಕ್ಯಾಲ್‌ನಲ್ಲೂ ಇವೇ ಅಂಕಿ ಕೊಡಬಹುದು. ಹಲವು ಉಪಕರಣಗಳು ಹೊಳಪನ್ನು "ಇರುವಂತೆಯೇ" ಬಿಡುವ ಆಯ್ಕೆ ಕೊಡುತ್ತವೆ, ಅದನ್ನು ಒತ್ತಿದವರು ಬಣ್ಣ ಸರಿಮಾಡಿಕೊಂಡು 320 ನಿಟ್ಟನ್ನು ಹಾಗೇ ಉಳಿಸಿಕೊಂಡಿರುತ್ತಾರೆ. "ಕ್ಯಾಲಿಬ್ರೇಟ್ ಮಾಡಿದ್ದೀವಿ, ಆದ್ರೂ ಕಪ್ಪು" ಎನ್ನುವವರಲ್ಲಿ ಬಹಳ ಜನರ ಕಥೆ ಇದು.

ಉಪಕರಣವಿಲ್ಲದಿದ್ದರೆ ಮೇಲಿನ ಕ್ಯಾಮರಾ ಅಳತೆಯೇ ಸಾಕು: ಎಫ್/4, ಐಎಸ್‌ಒ 100ರಲ್ಲಿ ಬಿಳಿ ಪುಟಕ್ಕೆ 1/60 ಬರುವ ತನಕ ಬ್ರೈಟ್‌ನೆಸ್ ಇಳಿಸುವುದು. ಈ ಮಾನಿಟರಿನಲ್ಲಿ ಅದು 90ರಿಂದ 18ಕ್ಕೆ ಬಂದು ನಿಂತಿತು. ಇಳಿಸುವುದು ಮಾನಿಟರಿನ ಬಟನ್ನಿನಿಂದಲೇ ಆಗಬೇಕು. ಗ್ರಾಫಿಕ್ಸ್ ಕಾರ್ಡಿನ ಸ್ಲೈಡರಿನಲ್ಲಿ ಇಳಿಸಿದರೆ ಹಿಂಬದಿಯ ದೀಪ ಇಳಿಯದು, ಛಾಯೆಗಳ ಮೆಟ್ಟಿಲು ಮಾತ್ರ ಕಡಿಮೆಯಾಗಿ ಫೋಟೊದ ಆಕಾಶದಲ್ಲಿ ಪಟ್ಟೆ ಬೀಳುತ್ತದೆ.

ಮೊದಲ ಎರಡು ಮೂರು ದಿನ ಪರದೆ ಸತ್ತಂತೆ ಕಾಣುತ್ತದೆ. ಡಿಸೈನರ್ ಮತ್ತೆ ಏರಿಸದಂತೆ ನೋಡಿಕೊಳ್ಳುವುದೇ ಈ ಕೆಲಸದ ಅರ್ಧ. ಅವನಿಗೆ ನೆರವಾಗುವುದು ಕೋಣೆಯ ಬೆಳಕು. ಕರ್ಟನ್ ಇರಲಿ, ಆದರೆ ಮಾನಿಟರಿನ ಹಿಂದಿನ ಗೋಡೆಗೆ ಮೆಲುಬೆಳಕು ಬೀಳಲಿ. 120 ನಿಟ್ಟಿನ ಪರದೆ ಕತ್ತಲೆ ಕೋಣೆಯಲ್ಲಿ ಒಂದು ಬಗೆ, ಮೆಲುಬೆಳಕಿನಲ್ಲಿ ಇನ್ನೊಂದು ಬಗೆ.

ಪ್ರಿಂಟ್ ನೋಡಲು ಪಕ್ಕದ ಮೇಜಿನ ಮೇಲೆ 5000 ಕೆಲ್ವಿನ್ನಿನ, ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆಂಬ ಅಳತೆ) 90ಕ್ಕೆ ಮೇಲಿನ ಎಲ್‌ಇಡಿ ದೀಪವೊಂದನ್ನು ಕಟ್ಟಲಾಯಿತು. ಮುದ್ರಣ ನೋಡುವ ಬೆಳಕಿಗೆ ಐಎಸ್‌ಒ 3664 ಎಂಬ ಮಾನದಂಡವಿದೆ. ಪ್ರೂಫಿನೊಂದಿಗೆ (ಒಪ್ಪಿಗೆಯ ಮಾದರಿ ಪ್ರತಿ) ಪ್ರಿಂಟನ್ನು ಕಟ್ಟುನಿಟ್ಟಾಗಿ ಹೋಲಿಸಲು 2000 ಲಕ್ಸ್, ಸಾಮಾನ್ಯವಾಗಿ ನೋಡಿ ನಿರ್ಧರಿಸಲು 500 ಲಕ್ಸ್. ಸ್ಟುಡಿಯೊಗೆ ಎರಡನೆಯದೇ ಸರಿ. 2000 ಲಕ್ಸಿನಲ್ಲಿ ಒಪ್ಪಿದ ಪ್ರಿಂಟ್ ಮನೆಯ ಹಾಲಿನಲ್ಲಿ ಮತ್ತೆ ಕಪ್ಪೇ. ದೀಪವನ್ನು ಮೇಲೆ ಕೆಳಗೆ ಮಾಡಿ, ಆಲ್ಬಮ್ಮಿನ ಬಿಳಿ ಅಂಚಿಗೂ ಕ್ಯಾಮರಾ 1/60 ತೋರಿಸಿದಾಗ ನಿಲ್ಲಿಸಲಾಯಿತು. ಈಗ ಪರದೆಯ ಬಿಳಿ, ಕಾಗದದ ಬಿಳಿ ಎರಡೂ ಒಂದೇ ಹೊಳಪು.

ನಾಲ್ಕು ತುಂಡಿನ ಟೆಸ್ಟ್

ಮಾನಿಟರ್ ಸರಿಯಾದ ಮೇಲೂ ಎಷ್ಟು ಬೆಳಗಿಸಬೇಕೆಂಬುದನ್ನು ಕಾಗದದ ಮೇಲೇ ತೀರ್ಮಾನಿಸಬೇಕು. ಒಂದು 12×18 ಶೀಟಿನಲ್ಲಿ 6×9ರ ನಾಲ್ಕು ಫೋಟೊ: ಅದೇ ರಿಸೆಪ್ಷನ್ ಫ್ರೇಮ್, ಇದ್ದಂತೆ, ಮೂರನೇ ಒಂದು ಸ್ಟಾಪ್, ಮೂರನೇ ಎರಡು, ಒಂದು ಸ್ಟಾಪ್ ಏರಿಸಿ. ಪ್ರತಿಯೊಂದರ ಅಂಚಿಗೂ 0, 5, 10, 15, 20, 25, 30 ಅಂಕಿಯ ಬೂದು ಚೌಕಗಳ ಪಟ್ಟಿ. ಮುಖ್ಯ ಮಾತು, ಟೆಸ್ಟ್ ಶೀಟಿಗೂ ಆಲ್ಬಮ್ಮಿನದೇ ಮ್ಯಾಟ್ ಲ್ಯಾಮಿನೇಷನ್ ಆಗಬೇಕು. ಎರಡು ಪ್ರತಿ ಹಾಕಿಸಿ ಒಂದಕ್ಕೆ ಲ್ಯಾಮಿನೇಷನ್ ಬಿಟ್ಟರೆ ಇನ್ನೂ ಒಳ್ಳೆಯದು.

ಕೋಟಿನ ಗುಂಡಿ ಎಲ್ಲಿ ಹೋಯಿತೆಂದು ಗೊತ್ತಾದದ್ದು ಆ ಪಟ್ಟಿಯಿಂದ. ಲ್ಯಾಮಿನೇಷನ್ ಇಲ್ಲದ ಪ್ರತಿಯಲ್ಲಿ 10ರ ಚೌಕ ಪಕ್ಕದ್ದರಿಂದ ಬೇರೆಯಾಗಿ ಕಂಡಿತು. ಮ್ಯಾಟ್ ಆದ ಪ್ರತಿಯಲ್ಲಿ 0ಯಿಂದ 20ರ ತನಕ ಒಂದೇ ಕಪ್ಪು, 25ಕ್ಕೆ ಬಂದಾಗ ಬೇರ್ಪಡಲು ಶುರು. ಕೋಟಿನ ಅಂಕಿ 12ರಿಂದ 18. ಪರದೆಯಲ್ಲಿ 1000ಕ್ಕೆ 1ರ ಕಾಂಟ್ರಾಸ್ಟ್ ಇರುವುದರಿಂದ ಅಲ್ಲಿ ಗುಂಡಿ, ಕಾಲರ್, ಜೇಬು ಎಲ್ಲ ಬಿಡಿಯಾಗಿ ಕಾಣುತ್ತಿದ್ದವು. ಒಳ್ಳೆ ಗ್ಲಾಸಿ ಕಾಗದಕ್ಕೆ ಅದು ಸುಮಾರು 200ಕ್ಕೆ 1, ಮ್ಯಾಟ್ ಮೇಲ್ಮೈಗೆ 50ಕ್ಕೆ 1ರ ಹತ್ತಿರ. ಮ್ಯಾಟ್ ಫಿಲ್ಮ್ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ಕಡೆ ಚೆದುರಿಸುತ್ತದೆ; ಆ ಚೆದುರಿದ ಬೆಳಕಿನಡಿ ಕಡುಕಪ್ಪಿನ ಸಣ್ಣ ವ್ಯತ್ಯಾಸ ಮುಚ್ಚಿಹೋಗುತ್ತದೆ. ಬೆರಳಚ್ಚು ಬೀಳುವುದಿಲ್ಲವೆಂದು ಮ್ಯಾಟ್ ಕೇಳುವ ಗಿರಾಕಿಗೆ ಈ ಬೆಲೆಯನ್ನೂ ಹೇಳಿಬಿಡುವುದು ವಾಸಿ.

ನಾಲ್ಕು ತುಂಡನ್ನೂ ಎರಡು ಕಡೆ ನೋಡಲಾಯಿತು, ಹೊಸ ದೀಪದಡಿ ಮತ್ತು ಗಿರಾಕಿಯ ಹಾಲಿನಲ್ಲಿ ರಾತ್ರಿ. ಹಾಲಿನಲ್ಲಿ ಒಂದು ಸ್ಟಾಪ್ ಏರಿಸಿದ್ದೇ ಎಲ್ಲರ ಕಣ್ಣಿಗೂ ಚೆಂದ. ದೀಪದಡಿ ಅದರಲ್ಲಿ ಮಲ್ಲಿಗೆ ದಂಡೆ ಬಿಳಿ ಉಂಡೆಯಾಗಿತ್ತು, ಎಸಳಿಲ್ಲ. ಆಲ್ಬಂ ನೆಂಟರ ಮನೆಗೆ ಹಗಲೂ ಹೋಗುತ್ತದೆ. ಮೂರನೇ ಎರಡು ಸ್ಟಾಪಿಗೆ ನಿಂತದ್ದು ಅದಕ್ಕೆ.

ಏರಿಸುವಾಗಿನ ಎಡವಟ್ಟು

ಡಿಸೈನರ್ ಮೊದಲು ಜೆಪೆಗ್ ಮೇಲೆ ಲೆವೆಲ್ಸಿನ ನಡು ಸ್ಲೈಡರನ್ನು 1.40ಕ್ಕೆ ಎಳೆದ. ಕೆನ್ನೆ 153, 116, 96ಕ್ಕೆ ಬಂತು. ಕೆಂಪು ಸರಿ, ಆದರೆ ಹಸಿರು ನೀಲಿ ಬೇಕಾದ್ದಕ್ಕಿಂತ ಮೇಲೇರಿವೆ. ಮೂರು ಚಾನೆಲ್ಲಿನ ಅಂತರ ಕಿರಿದಾದರೆ ಮುಖಕ್ಕೆ ಬೂದಿ ಬಳಿದಂತೆ ಆಗುತ್ತದೆ. ರಾ ಫೈಲಿಗೆ (ಕ್ಯಾಮರಾ ಸೆನ್ಸರಿನ ಮೂಲ ಫೈಲ್) ಹೋಗಿ ಎಕ್ಸ್‌ಪೋಷರನ್ನೇ 0.65 ಏರಿಸಿದಾಗ 155, 106, 82ರ ಹತ್ತಿರ ಬಂತು, ಮೈಬಣ್ಣ ಹಾಗೇ ಉಳಿಯಿತು. ಜೊತೆಗೆ ಹೈಲೈಟ್ಸ್ 45 ಇಳಿಕೆ, ಇಲ್ಲದಿದ್ದರೆ 238ರಲ್ಲಿದ್ದ ಮಲ್ಲಿಗೆ 255 ದಾಟಿ ಸುಡುತ್ತಿತ್ತು. ಕೋಟಿಗೆ ಶ್ಯಾಡೋಸ್ 25 ಏರಿಕೆ, ಬಟ್ಟೆಯ ಮಡಿಕೆ 28ರ ಮೇಲೆ ಬರುವಷ್ಟು. ರಾ ಫೈಲ್ ಇಲ್ಲದ, ನೆಂಟರ ಕ್ಯಾಮರಾದಿಂದ ಬಂದ ನಾಲ್ಕು ಫೋಟೊಗೆ ಕರ್ವ್ಸ್ ಲೇಯರನ್ನು, ಬೆಳಕನ್ನಷ್ಟೇ ಬದಲಿಸುವ ಲ್ಯುಮಿನಾಸಿಟಿ ಮೋಡಿನಲ್ಲಿ ಹಾಕಿ ಬಣ್ಣ ಕಾಪಾಡಿಕೊಳ್ಳಲಾಯಿತು.

ಹನ್ನೊಂದು ಶೀಟು ಮಾತ್ರ ಬದಲಿಸಿ ಎಂದು ಗಿರಾಕಿ ಕೇಳಿದರು. ಪ್ಯಾಡ್ ಬೈಂಡಿಂಗಿನಲ್ಲಿ ಅದು ಆಗದು. ಬೆನ್ನಿಗೆ ಅಂಟಿದ ಹಾಳೆ ಬಿಡಿಸಿದರೆ ಹರಿಯುತ್ತದೆ. ಮೂವತ್ತೂ ಶೀಟು ಮತ್ತೆ ಪ್ರಿಂಟ್. ಹೇಗೂ ಹಾಕಬೇಕಿದ್ದರಿಂದ ಮುಹೂರ್ತದ ಹಾಳೆಗಳಿಗೂ ಮೂರನೇ ಒಂದು ಸ್ಟಾಪ್ ಸೇರಿತು. ಅವೂ ಅಷ್ಟು ಕೆಳಗಿದ್ದವು, ಪಂಚೆಯ ಬಿಳಿಯಿಂದಾಗಿ ಯಾರ ಗಮನಕ್ಕೂ ಬಂದಿರಲಿಲ್ಲ, ಅಷ್ಟೇ.

ಮನೆಯ ಇಂಕ್‌ಜೆಟ್ಟಿನಲ್ಲಿ ಪ್ರಿಂಟ್ ಹಾಕುವವರಿಗೆ ಇದರ ಮೇಲೆ ಇನ್ನೆರಡು ಬಲೆಗಳಿವೆ. ಡ್ರೈವರಿನಲ್ಲಿ ಕಾಗದದ ಬಗೆ ತಪ್ಪಾಗಿ ಆರಿಸಿದರೆ ಯಂತ್ರ ಬೇಡದಷ್ಟು ಇಂಕು ಸುರಿಯಬಹುದು. ಫೋಟೊಶಾಪ್, ಡ್ರೈವರ್ ಎರಡೂ ಕಲರ್ ಮ್ಯಾನೇಜ್‌ಮೆಂಟ್ ಮಾಡಿದರೆ ಒಂದೇ ತಿದ್ದುಪಡಿ ಎರಡು ಸಲ ಆಗುತ್ತದೆ. ಫೋಟೊಶಾಪಿಗೆ ಬಿಟ್ಟರೆ ಡ್ರೈವರಿನಲ್ಲಿ ಅದನ್ನು ಬಂದ್ ಮಾಡಲೇಬೇಕು.

ಉಳಿದದ್ದು

ಗಿರಾಕಿಗೆ ಈಗ ಫೋನಿಗೆ ಪೇಜ್ ಕಳಿಸುವಾಗ "ಇದು ಜೋಡಣೆ ನೋಡಲು ಮಾತ್ರ, ಬಣ್ಣ ಬೆಳಕಿಗೆ ಸ್ಟುಡಿಯೊಗೆ ಬಂದು ಪ್ರಿಂಟ್ ನೋಡಿ" ಎಂಬ ಒಂದು ಸಾಲು ಹೋಗುತ್ತದೆ. ಫೋನಿನ ಪರದೆ ಬಿಸಿಲಿಗೆ ತಾನೇ ಹೊಳಪು ಏರಿಸಿಕೊಂಡು 500 ನಿಟ್ ದಾಟುತ್ತದೆ, ಬಣ್ಣವನ್ನೂ ರಂಗೇರಿಸಿ ತೋರಿಸುತ್ತದೆ. ಅದರೊಂದಿಗೆ ಯಾವ ಕಾಗದವೂ ಸ್ಪರ್ಧಿಸಲಾರದು.

ಎರಡನೇ ಆಲ್ಬಮ್ಮಿನಲ್ಲಿ ಮುಖ ತಿಳಿಯಾಯಿತು, ಕೋಟಿನ ಮೂರು ಗುಂಡಿಯಲ್ಲಿ ಎರಡು ಕಂಡವು. ಸರಿಹೋಗದೆ ಉಳಿದದ್ದು ವೇದಿಕೆಯ ಎರಡು ಫೋಟೊ. ಐಎಸ್‌ಒ 6400ರಲ್ಲಿ, ಫ್ಲ್ಯಾಶ್ ಸಿಡಿಯದೆ ತೆಗೆದವು. ಏರಿಸಿದಷ್ಟೂ ಕಪ್ಪು ಪರದೆಯ ತುಂಬ ಬಣ್ಣದ ಕಾಳು ಎದ್ದವು. ಶೀಟಿನಗಲಕ್ಕೆ ಹರಡಿದ್ದ ಅವನ್ನು 5×7ಕ್ಕೆ ಇಳಿಸಿ ಮೂಲೆಗೆ ಕೂರಿಸಲಾಯಿತು.